ಹಿತ್ತಲ ದೀಪ

...ಅಲ್ಲ ಕಣೇ, ನಾನು ಹೇಳೋದನ್ನ ಪೂರ್ತಿ ಕೇಳು. ಗಿಡ ಅಂದ ಮೇಲೆ ಅದಕ್ಕೂ ಮನಸ್ಸು ಅಂತ ಒಂದಿರುತ್ತೆ. ಈ ವರ್ಷ ಹೂ ಬಿಡೋದು ಬೇಡ ಅನ್ನಿಸಿರುತ್ತೆ, ಬಿಟ್ಟಿಲ್ಲ. ಅಷ್ಟೇ. ಅದಕ್ಕೆ ಬೆಳಗ್ಗೆ ಎದ್ದು ಮುಖ ತೊಳೆಯೋಕೆ ಮುಂಚೆ ಹಿತ್ತಲಿಗೆ ಬಂದು, ಹೀಗೆ ಕುಕ್ಕರಗಾಲಲ್ಲಿ ಕೂತು ಗುರಾಯಿಸಿದ್ರೆ ಏನು ಬಂತು? ನೀನು ಗುರಾಯಿಸಿದ್ರೆ ನಾನೇ ಹೆದರ್ತೀನಿ. ಅದು ಬಾಯಿಲ್ಲದ ಸೇವಂತಿಗೆ ಗಿಡ, ಪಾಪ.

ಹೂಂ, ನಗು, ನಗು. ನಕ್ರೆ ಒಳ್ಳೇದೇ.

...ನಗ್ಲಿಲ್ವಾ? ನಕ್ಕ ಹಾಗೆ ಕಾಣ್ಸ್ತು.

ಇಗೋ, ಟೀ ತಂದಿದೀನಿ. ನಾನೇ ಮಾಡಿದ್ದು. ಹಾಗೆ ನೋಡ್ಬೇಡ! ಭಾನುವಾರ ಅಣ್ಣ ತಂಗಿಗೆ ಟೀ ಮಾಡಬಾರದು ಅಂತ ಕಾನೂನಿದೆಯಾ? ಸಕ್ಕರೆ ಒಂಚೂರು ಜಾಸ್ತಿ ಆಗಿರಬಹುದು. ಎರಡು ಸಲ ಹಾಕಿದೆ ಅನ್ಸುತ್ತೆ. ಏನೋ ಯೋಚನೇಲಿದ್ದೆ... ಬೇಡ್ವಾ? ಸರಿ, ಈ ಒಗೆಯೋ ಕಲ್ಲಿನ ಮೇಲೆ ಇಟ್ಟಿರ್ತೀನಿ. ಬೇಕಾದಾಗ ಕುಡಿ. ಯಾಕೆ, ಕಲ್ಲಿನ ಮೇಲೆ ಇಡಬಾರದಾ? ಲೋಟ ಇಟ್ರೆ ಕಲ್ಲು ಸವೆಯುತ್ತಾ? ಒಳ್ಳೇ ಕಥೆ.

ಹತ್ತು ಗಂಟೆಗೆ ಬರ್ತಾನೆ ನಿನ್ನ ನರ್ಸರಿಯವನು. ಬರಲಿ. ಕೂರ್ಸೋಣ, ಅವನಿಗೂ ಟೀ ಕೊಡೋಣ... ಅದನ್ನ ನೀನು ಮಾಡು. "ನೋಡಪ್ಪಾ, ನೀನು ಕೊಟ್ಟ ಗಿಡ ಹೂ ಬಿಡ್ಲಿಲ್ಲ. ನಮ್ಮ ಹುಡುಗಿ ಆಡಿದ ಮಾತಿಗೆ ತಪ್ಪೋಳಲ್ಲ. ಬೇಜಾರು ಮಾಡ್ಕೋಬೇಡ" ಅಂತ ಹೇಳಿ ಮರ್ಯಾದೆಯಾಗಿ ಕಳಿಸೋಣ. ನಿನಗೆ ಬಾಯಿ ಬರಲ್ಲ ಅಂದ್ರೆ ನಾನೇ ಹೇಳ್ತೀನಿ. ಅಣ್ಣ ಅಂತ ಇರೋದು ಇನ್ಯಾಕೆ?

ಹುಬ್ಬು ಯಾಕೆ ಹಾರಿಸಿದೆ? ಹುಡುಗಿ ಅಂದಿದ್ದಕ್ಕಾ? ನಲವತ್ತು ದಾಟಿದ್ರೇನು, ನನಗೆ ನೀನು ಗುಬ್ಬೀನೇ. ಅಮ್ಮನ ಸೆರಗು ಹಿಡ್ಕೊಂಡು ಕಿಚಿಕಿಚಿ ಅಂತ ಓಡಾಡ್ತಿದ್ದ ಗುಬ್ಬಿ. ಆಗ ಒಂದು ನಿಮಿಷ ಬಾಯಿ ಮುಚ್ಚು ಅಂದ್ರೂ ಮುಚ್ಚುತಿರಲಿಲ್ಲ. ಈಗ ನೋಡು.

ನೋಡು ಗುಬ್ಬಿ, ಪಂದ್ಯ ಕಟ್ಟಿದ್ದು ನಾನಲ್ಲ. ನೀನೇ. ಊಟಕ್ಕೆ ಕೂತಿದ್ವಿ. ಅನ್ನ ಬಡಿಸ್ತಾ ಬಡಿಸ್ತಾ, ಉಪ್ಪು ಬೇಕಾ ಅಂತ ಕೇಳೋ ಹಾಗೆ ಹೇಳಿದೆ: "ಅಣ್ಣಾ, ನರ್ಸರಿಯವರು ಮದುವೆ ಆಗೋಣ ಅಂತ ಕೇಳಿದಾರೆ. ಈ ಸೇವಂತಿಗೆ ನನ್ನ ಕೈಯಲ್ಲಿ ಹೂ ಬಿಟ್ರೆ ಹೋಗ್ತೀನಿ. ಬಿಡದಿದ್ರೆ ಇಲ್ಲೇ ಇರ್ತೀನಿ." ನನಗೆ ತುತ್ತು ಗಂಟಲಲ್ಲೇ ನಿಂತು, ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂದು, ನೀನೇ ಬೆನ್ನು ತಟ್ಟಿದೆ. ಆಗ ನಾನೇನಂದೆ? "ಆಗ್ಲಿ ಕಣೇ" ಅಂದೆ. ಅಂದ್ನೋ ಇಲ್ವೋ? ಅಣ್ಣ ಅಡ್ಡ ಬಂದ ಅಂತ ನಾಳೆ ಯಾರೂ ನನ್ನ ಮೇಲೆ ಗೂಬೆ ಕೂರಿಸೋ ಹಾಗಿಲ್ಲ. ಅದಕ್ಕೇ ಹೇಳ್ತಿರೋದು.

ಅಲ್ಲ, ಆ ಮನುಷ್ಯನ್ನ ನಾನೇನು ಕೆಟ್ಟವನು ಅಂತೀನಾ? ಕೆಟ್ಟವನಲ್ಲ. ಒಳ್ಳೆಯವನೇ. ಅತೀ ಒಳ್ಳೆಯವನು. ಮೊದಲ ಸಲ ಸುಟ್ಟುಹೋದ ಟೇಬಲ್ ಫ್ಯಾನ್ ಹಿಡ್ಕೊಂಡು ನಮ್ಮ ರಿಪೇರಿ ಅಂಗಡಿಗೆ ಬಂದಿದ್ದು ನೆನಪಿದೆಯಾ? ಉಗುರಿನ ಸಂದಿ ತುಂಬ ಮಣ್ಣು. ಫ್ಯಾನನ್ನ ಮಗು ಎತ್ಕೊಂಡ ಹಾಗೆ ಎತ್ಕೊಂಡಿದ್ದ. ನೀನು ಅದರ ಮೋಟಾರಿಗೆ ಹೊಸದಾಗಿ ತಂತಿಯ ಕಾಯಿಲ್ ಸುತ್ತಿಕೊಟ್ಟೆ. ನೀನು ಸುತ್ತಿದ ಫ್ಯಾನು ಇಷ್ಟು ವರ್ಷದಲ್ಲಿ ಒಂದೂ ವಾಪಸ್ ಬಂದಿಲ್ಲ. ಅವನದೂ ಬರಲಿಲ್ಲ. ಅವನು ಮಾತ್ರ ವಾರವಾರವೂ ವಾಪಸ್ ಬಂದ! "ಫ್ಯಾನ್ ಚೆನ್ನಾಗಿ ತಿರುಗ್ತಿದೆ" ಅಂತ ಹೇಳೋಕೆ. ರಿಪೇರಿ ಮಾಡಿದ ಫ್ಯಾನು ತಿರುಗ್ತಿದೆ ಅಂತ ಹೇಳೋಕೆ ಬಸ್ಸು ಹತ್ತಿ ಬರೋ ಗಿರಾಕೀನ ನನ್ನ ಸರ್ವೀಸಲ್ಲೇ ನಾನು ನೋಡಿರಲಿಲ್ಲ.

ಆಮೇಲೆ ಈ ಗಿಡ. ಒಂದು ತಗಡಿನ ಡಬ್ಬದಲ್ಲಿ ಇಟ್ಟುಕೊಂಡು ಬಂದ. ಇನ್ನೂ ಗೇಣುದ್ದ ಇತ್ತು. ನೀನಂದೆ, "ಬೇಡಿ, ನನ್ನ ಕೈಗುಣ ಒಳ್ಳೇದಲ್ಲ." ಸುಳ್ಳೇನಲ್ಲವಲ್ಲ! ನೀನು ನೆಟ್ಟ ಗುಲಾಬಿ ಹೋಯ್ತು. ದಾಸವಾಳ ಹೋಯ್ತು. ಪುದೀನ, ಗುಬ್ಬಿ, ಪುದೀನ! ಪುದೀನಾನ ಸಾಯಿಸೋದು ಮನುಷ್ಯರ ಕೈಯಲ್ಲಿ ಆಗೋ ಕೆಲಸಾನಾ? "ಇವಳು ಮುಟ್ಟಿದ್ರೆ ಕಳ್ಳಿನೂ ಒಣಗುತ್ತೆ" ಅಂತ ಮನೇಲೆಲ್ಲಾ ಹೇಳೋರು.

...ಮೊದಲು ಹೇಳಿದ್ದು ನಾನಾ? ಇರಬಹುದು. ತಮಾಷೆಗೆ ಅಂದಿರ್ತೀನಿ. ತಮಾಷೆನ ಇಷ್ಟು ವರ್ಷ ನೆನಪಿಟ್ಕೊಳ್ಳೋದು ನಿನ್ನ ತಪ್ಪು.

ನಿನ್ನ ಕೈಗುಣದ ಮಾತಿಗೆ ಅವನು ನಕ್ಕ. ಹಲ್ಲು ಕಾಣದ ಹಾಗೆ ನಗೋದು ಅವನ ಅಭ್ಯಾಸ. "ಸೇವಂತಿಗೇನ ಸಾಯಿಸ್ಬೇಕು ಅಂದ್ರೆ ತುಂಬ ಕಷ್ಟಪಡಬೇಕು. ಇದು ಪಾಪದ ಗಿಡ. ಹೂ ಮುಗಿದ ಮೇಲೆ ಒಣಗಿದ ಹಾಗೆ ಕಾಣುತ್ತೆ, ಗೇಣುದ್ದ ಬಿಟ್ಟು ಕತ್ತರಿಸಿದ್ರೆ ಬುಡದಿಂದ ಮರಿ ಹೊಡೆಯುತ್ತೆ. ವರ್ಷವರ್ಷ ತಾನಾಗೇ ಬರುತ್ತೆ. ನಿಮ್ಮ ಕೈಯಲ್ಲಿ ಬರದಿದ್ರೆ ತಪ್ಪು ನಂದು" ಅಂದ. ಹೂವಿನ ಬಣ್ಣ ಯಾವುದು ಅಂತ ನೀನು ಕೇಳಿದೆ. ಆಗ ಅವನು ನಿನ್ನ ಮುಂದಿದ್ದ ತಂತಿ ಸುರುಳಿ ತೋರಿಸಿದ. ಹೊಸ ತಾಮ್ರದ ತಂತಿ. "ಇದೇ ಬಣ್ಣ. ಹುಡುಕಿ ತಂದೆ" ಅಂದ.

ನಾನು ಅಲ್ಲೇ ಕೂತಿದ್ದೆ ತಾನೆ, ಟೆಸ್ಟರ್ ಹಿಡ್ಕೊಂಡು? ನನ್ನ ಪಾಲಿಗೆ ಆವತ್ತೇ ಫ್ಯೂಸ್ ಹೋಯ್ತು.

ಆಮೇಲೆ ಶುರುವಾಯ್ತು ಪಾಠ. ಬಿಸಿಲು ಬೀಳೋ ಕಡೆ ನೆಡಿ. ನೀರನ್ನ ತಲೆ ಮೇಲೆ ಸುರೀಬೇಡಿ, ಬುಡಕ್ಕೆ ಹಾಕಿ. ಹಾಕೋಕೆ ಮುಂಚೆ ಬೆರಳಲ್ಲಿ ಮಣ್ಣು ಮುಟ್ಟಿ ನೋಡಿ, ಒಣಗಿದ್ರೆ ಮಾತ್ರ ಹಾಕಿ. ಎಷ್ಟು ಮೆತ್ತಗೆ ಹೇಳ್ತಿದ್ದ! ನಮ್ಮ ಮನೇಲಿ ನಿನಗೆ ಯಾರಾದ್ರೂ ಏನಾದ್ರೂ ಅಷ್ಟು ಮೆತ್ತಗೆ ಹೇಳಿಕೊಟ್ಟಿದೀವಾ? ನಾನು ಕಾಯಿಲ್ ಸುತ್ತೋದು ಹೇಳಿಕೊಡೋವಾಗ ಸ್ಕ್ರೂಡ್ರೈವರ್ ಹಿಡೀಲಿ ತಲೆಗೆ ಮೊಟಕ್ತಿದ್ದೆ. ಆದ್ರೂ ನನಗಿಂತ ಚೆನ್ನಾಗಿ ಕಲಿತೆ, ಅದು ಬೇರೆ ಮಾತು.

ಕುಡಿ ಚಿವುಟಿ ಅಂದಾಗ ನಿನಗೆ ಅಳುವೇ ಬಂತು. "ಅಣ್ಣಾ, ಇದೊಂದು ಬೆಳೀತಿದೆ, ಇದನ್ನೂ ಚಿವುಟಬೇಕಂತೆ" ಅಂತ ನನ್ನ ಹತ್ರ ಬಂದು ಹೇಳಿದೆ. ನಾನೇ ಧೈರ್ಯ ಹೇಳಿದ್ದು, ನೆನಪಿಟ್ಕೋ! ಒಂದು ಕುಡಿ ಚಿವುಟಿದ್ರೆ ಎರಡು ಬರುತ್ತೆ, ಎರಡು ಚಿವುಟಿದ್ರೆ ನಾಲ್ಕು, ಗಿಡ ಪೊದೆ ಕಟ್ಟುತ್ತೆ. ಬಿಸಿಲುಕಾಲ ಮುಗಿಯೋ ತನಕ ಚಿವುಟಿ, ಆಮೇಲೆ ಕೈ ಹಚ್ಚಬೇಡಿ, ಮೊಗ್ಗು ಕಟ್ಟೋಕೆ ಬಿಡಿ ಅಂದಿದ್ದ. ನೀನು ಹಾಗೇ ಮಾಡಿದೆ. ಚಿವುಟಿದ ಕುಡೀನೂ ಎಸೀಲಿಲ್ಲ. ಹಳೇ ಸ್ವಿಚ್ ಬಾಕ್ಸಲ್ಲಿ ಮಣ್ಣು ತುಂಬಿ ಸಿಕ್ಕಿಸಿದೆ. ಎಲ್ಲಾ ಬೇರು ಬಿಟ್ವು. ಎದುರು ಮನೆ ಟೀಚರಮ್ಮಂಗೆ ನಾಲ್ಕು ಕೊಟ್ಟೆ.

ಹೌದು. ಟೀಚರಮ್ಮಂದು ಹೂ ಬಿಟ್ಟಿದೆ. ಗೊತ್ತು. ನಿನ್ನೆ ಸಂಜೆ ಒಂದು ಲೋಟದ ತುಂಬ ಕೊಯ್ದುಕೊಂಡು ಬಂದು, "ನಿಮ್ಮದೇ ಗಿಡದ್ದು ಕಣ್ರೀ" ಅಂತ ಟೇಬಲ್ ಮೇಲೆ ಇಟ್ಟು ಹೋದ್ರಲ್ಲ. ತಾಮ್ರ ಅಂದ್ರೆ ತಾಮ್ರವೇ. ಮನುಷ್ಯರಿಗೆ ಸೂಕ್ಷ್ಮ ಅನ್ನೋದು ಸ್ವಲ್ಪ ಇರಬೇಕು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ರೆ ಏನು ಬಂತು?

ಅವರ ಮನೆ ಮಣ್ಣೇ ಬೇರೆ, ಗುಬ್ಬಿ. ಕಪ್ಪು ಮಣ್ಣು. ನಮ್ಮದು ಮನೆ ಕಟ್ಟಿಸೋವಾಗ ಸುರಿದ ಜಲ್ಲಿ, ಸಿಮೆಂಟು. ಅಲ್ಲದೆ ನೀನು ಗೊಬ್ಬರ ಜಾಸ್ತಿ ಹಾಕಿದೆ. ಎಲೆ ನೋಡು, ಎಷ್ಟು ಹಸುರು, ಎಷ್ಟು ಸೊಂಪು! ಸುಖವಾಗಿರೋ ಗಿಡ ಯಾಕೆ ಹೂ ಬಿಡುತ್ತೆ? ...ಹಾಕಲೇ ಇಲ್ವಾ? ಒಂದೇ ಹಿಡಿ ಹಾಕಿದ್ದಾ? ಹಾಗಾದ್ರೆ ಅದೇ, ಗೊಬ್ಬರ ಕಡಿಮೆ ಆಯ್ತು. ಎರಡರಲ್ಲಿ ಒಂದು. ಇಲ್ಲಾ ಆ ಬೆಕ್ಕು. ಟೀಚರಮ್ಮನ ಬೆಕ್ಕು ದಿನಾ ಇಲ್ಲಿ ಬಂದು ಮಲಗುತ್ತೆ, ಶಾಖಕ್ಕೆ ಮೊಗ್ಗು ಕರಗಿರುತ್ತೆ.

ಬೆಕ್ಕಿನ ಶಾಖಕ್ಕೆ ಮೊಗ್ಗು ಕರಗಲ್ಲ. ಸರಿ. ಒಪ್ಕೊಂಡೆ.

ಮೇಲೆ ಏನು ನೋಡ್ತೀಯ? ಲೈಟಾ? ಓ... ಇನ್ನೂ ಉರೀತಿದೆಯಲ್ಲ. ಬೆಳಗ್ಗೆ ಆರಿಸೋದು ಮರೆತೆ. ಮನುಷ್ಯನಿಗೆ ಒಂದು ಮರೆವು ಅಂತ ಇರಲ್ವಾ?

ಗೊತ್ತು, ಗೊತ್ತು, ನೀನೇನು ಯೋಚನೆ ಮಾಡ್ತಿದೀಯ ಅಂತ. ಆಫಣ್ಣ ಲೈಟ್ ಆರಿಸೋದು ಮರೆತನಂತೆ! ಬೀದಿ ಮಕ್ಕಳೆಲ್ಲ ನನ್ನ ಆಫಣ್ಣ ಅಂತಾನೇ ಕರೆಯೋದು. ಯಾರ ಮನೆಗೆ ಹೋದ್ರೂ ಖಾಲಿ ರೂಮಿನ ಫ್ಯಾನ್ ಆರಿಸಿ ಬರೋನು ನಾನು. ನಿಮ್ಮತ್ತಿಗೆ ಕೊನೇಲಿ ಆಸ್ಪತ್ರೇಲಿ ಇದ್ದಾಗ ವಾರ್ಡಿನ ಹೊರಗಿನ ಲೈಟೆಲ್ಲ ಆರಿಸಿ ನರ್ಸಮ್ಮನ ಹತ್ರ ಬೈಸಿಕೊಂಡಿದ್ದೆ. ನಿಮ್ಮತ್ತಿಗೆ ಆ ನೋವಲ್ಲೂ ನಕ್ಕಿದ್ಲು. ಅಂಥೋನು ಹಿತ್ತಲಲ್ಲಿ ರಾತ್ರಿಯೆಲ್ಲ ಬಲ್ಬ್ ಉರಿಸ್ತಾನೆ ಅಂದ್ರೆ... ಹಾಗೆ ನೋಡಿದ್ರೆ ವಿಚಿತ್ರವಾಗೇ ಕಾಣುತ್ತೆ. ಆದ್ರೆ ಅದು ಕಳ್ಳರಿಗೆ ಹಾಕಿದ್ದು. ಹಿತ್ತಾಳೆ ನಲ್ಲಿ ಬಿಚ್ಚಿಕೊಂಡು ಹೋದ್ರಲ್ಲ, ಆಗ ಹಾಕಿದ್ದು. ಗಿಡ ನೆಡೋಕೆ ಮುಂಚೇನೇ! ನೆನಪಿದೆ ತಾನೆ? ಗಿಡ ಬರೋಕೆ ಮುಂಚೆ ಬಲ್ಬ್ ಬಂತು. ಅದನ್ನ ಮರೀಬೇಡ.

ಹೌದು, ಈಗಿರೋದು ಪ್ಲಾಸ್ಟಿಕ್ಕಿನ ನಲ್ಲಿ. ಅದನ್ನ ಕದಿಯೋ ಅಷ್ಟು ಗತಿಗೆಟ್ಟ ಕಳ್ಳ ಯಾರೂ ಇಲ್ಲ. ಬಾಯಿಬಿಟ್ಟು ಹೇಳದಿದ್ರೂ ನಿನ್ನ ಮುಖ ಹೇಳ್ತಿದೆ. ಆದ್ರೆ ಕಳ್ಳನಿಗೆ ಕತ್ತಲಲ್ಲಿ ಅದು ಪ್ಲಾಸ್ಟಿಕ್ಕು ಅಂತ ಹೇಗೆ ಗೊತ್ತಾಗ್ಬೇಕು? ಬೆಳಕಿದ್ರೆ ನೋಡಿ ವಾಪಸ್ ಹೋಗ್ತಾನೆ. ಅವನಿಗೂ ಶ್ರಮ ಉಳೀತು, ನಮಗೂ...

ಟೀಚರಮ್ಮನ ಹತ್ರ ಕದಿಯೋಕೆ ಏನಿದೆ, ಅದಕ್ಕೆ ಅವರ ಅಂಗಳದಲ್ಲಿ ರಾತ್ರಿ ಗವ್ ಅನ್ನೋ ಕತ್ತಲೆ. ಅದಕ್ಕೇ ಅಲ್ಲಿ ಹೂ ಬಿಡ್ತು. ಸೇವಂತಿಗೆಗೆ ಉದ್ದ ರಾತ್ರಿ ಬೇಕು. ರಾತ್ರಿ ಉದ್ದ ಆಯ್ತು ಅಂತ ಗೊತ್ತಾದ್ರೇನೇ ಅದು ಮೊಗ್ಗು ಕಟ್ಟೋದು. ಮಧ್ಯರಾತ್ರೀಲಿ ಬೆಳಕು ಬಿದ್ರೆ ಇನ್ನೂ ಬೇಸಿಗೆ ಮುಗಿದಿಲ್ಲ ಅಂದ್ಕೊಂಡು ಬರೀ ಎಲೆ ಹಾಕ್ತಾ ಕೂತಿರುತ್ತೆ, ಅದಕ್ಕೆ...

...

ಏನು? ಯಾಕೆ ಎದ್ದು ನಿಂತೆ?

ನಾನೇನಂದೆ ಈಗ?

ಅಯ್ಯೋ, ಅದು ಎಲ್ಲರಿಗೂ ಗೊತ್ತಿರೋ ವಿಷಯ ಕಣೇ. ರೇಡಿಯೋದಲ್ಲಿ ಹೇಳ್ತಿರ್ತಾರೆ. ...ಹೌದು, ನಮ್ಮ ರೇಡಿಯೋ ಕೆಟ್ಟಿದೆ. ಊರಿನ ರೇಡಿಯೋ ರಿಪೇರಿ ಮಾಡೋರ ಮನೇಲಿ ರೇಡಿಯೋ ಕೆಟ್ಟೇ ಇರುತ್ತೆ. ಯಾವುದೋ ಗಿರಾಕಿ ರೇಡಿಯೋ ಟೆಸ್ಟ್ ಮಾಡೋವಾಗ ಕಿವಿಗೆ ಬಿತ್ತು. ಯಾವ ಗಿರಾಕಿ ಅಂದ್ರೆ? ಎಲ್ಲಾ ನೆನಪಿರುತ್ತಾ? ನಿನ್ನೆ ಮೊನ್ನೆ ಕೇಳಿದ್ದು. ಕೇಳಿ, "ಅಯ್ಯೋ, ನಮ್ಮ ಲೈಟಿಂದ ಹೀಗಾಯ್ತೋ ಏನೋ" ಅನ್ನಿಸ್ತು, ಅಷ್ಟೊತ್ತಿಗೆ ಕಾಲ ಮಿಂಚಿಹೋಗಿತ್ತು. ಅದಕ್ಕೇ ಹೇಳ್ಲಿಲ್ಲ. ನಿನಗೆ ಸುಮ್ನೆ ಬೇಜಾರು ಯಾಕೆ ಅಂತ.

ಎಲ್ಲಿಗೆ ಹೊರಟೆ? ಲೋಟ ಯಾಕೆ ಎತ್ತಿದೆ, ಕುಡೀತೀಯಾ? ಕೆಳಗಿಟ್ಯಾ... ಸರಿ. ನಾನು ಬರಬೇಕಾ? ಕಲ್ಲಿನ ಹಿಂದೆ? ಒಗೆಯೋ ಕಲ್ಲಿನ ಹಿಂದೆ ಏನಿದೆ, ಸೋಪಿನ ನೊರೆ, ಪಾಚಿ... ಜಾರುತ್ತೆ ಹುಷಾರು. ಬಂದೆ, ಬಂದೆ, ತೋಳು ಬಿಡೇ. ಬಗ್ಗೋಕೆ ಸೊಂಟ ಬಿಡ್ಬೇಕಲ್ಲ ನನಗೆ.

...

ಓ.

ಇದು ಯಾವಾಗ...

ಒಂದು ರೆಂಬೆ ಈ ಕಡೆ ಬಿದ್ದುಬಿಟ್ಟಿದೆ. ನಾನು ಕೊಟ್ಟ ವೈರಿಂಗ್ ಪೈಪು ಆಸರೆಗೆ ನೆಟ್ಟು ಗಿಡಾನೆಲ್ಲ ಅದಕ್ಕೆ ಕಟ್ಟಿದ್ದೆಯಲ್ಲ, ಇದೊಂದು ಜಾರಿ ಕಲ್ಲಿನ ಹಿಂದೆ ಬಂದಿದೆ. ಮೂರು. ಒಂದು ಪೂರ್ತಿ ಅರಳಿದೆ. ಎರಡು ಬಿರಿದಿದೆ. ಹಿಂದೆ ಇನ್ನೂ ಮೊಗ್ಗಿದೆಯಾ? ಇದೆ.

ಚೆನ್ನಾಗಿದೆ. ಬಣ್ಣ... ತಾಮ್ರವೇ.

ನೋಡಿದ್ಯಾ, ಹೂ ಬಿಟ್ಟಿದೆ! ನಾನು ಹೇಳ್ಲಿಲ್ವಾ, ಗಿಡಕ್ಕೆ ಮನಸ್ಸು ಅಂತ ಒಂದು... ಏನು ಮಾಡ್ತಿದೀಯ? ಕೈ ಯಾಕೆ ಹಾಗೆ ಎತ್ತಿ ಹಿಡಿದಿದೀಯ, ಬಲ್ಬಿಂದ ಕಲ್ಲಿಗೆ, ಕಲ್ಲಿಂದ...

ಬೇಡ ಗುಬ್ಬಿ. ಕೈ ಇಳಿಸು. ನನಗೆ ಅರ್ಥ ಆಯ್ತು. ನೆರಳು ಎಲ್ಲಿ ಬೀಳುತ್ತೆ ಅಂತ ನನಗೆ ನೀನು ತೋರಿಸ್ಬೇಕಾ? ಜೀವಮಾನವೆಲ್ಲ ಮಾಡಿದ ಕೆಲಸವೇ ಅದು. ಬಲ್ಬಿನ ಬೆಳಕು ಗಿಡದ ಮೇಲೆಲ್ಲ ಬೀಳುತ್ತೆ. ಕಲ್ಲಿನ ಹಿಂದೆ ಮಾತ್ರ ಬೀಳಲ್ಲ. ಬೆಳಕು ಬಿದ್ದಲ್ಲೆಲ್ಲ ಬರೀ ಎಲೆ. ನೆರಳಲ್ಲಿ ಹೂವು. ಗೆರೆ ಎಳೆದ ಹಾಗಿದೆ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಅಲ್ಲೇ...

ಅದಕ್ಕೇ ಲೋಟ ಇಡೋವಾಗ ಹಾಗೆ ನೋಡಿದ್ಯಾ? ನಾನು ಬರೋಕೆ ಮುಂಚೇನೇ ನೀನು ಈ ಹೂ ನೋಡಿದ್ದೆ. ನೋಡಿಯೂ ಸುಮ್ನೆ ಕೂತು ನನ್ನ ಬೆಕ್ಕಿನ ಕಥೆ ಕೇಳ್ತಿದ್ದೆ.

ಆಯ್ತು. ಲೈಟಿಂದಾನೇ ಆಯ್ತು. ಒಪ್ಕೊಂಡೆ. ಆದ್ರೆ ಗೊತ್ತಿಲ್ಲದೆ ಆಗಿದ್ದು! ಗೊತ್ತಿಲ್ಲದೆ ಮಾಡಿದ್ದು ತಪ್ಪಲ್ಲ ಅಂತ ಕೋರ್ಟಲ್ಲೇ ಹೇಳ್ತಾರೆ. ಮಾತಾಡೇ. ಹಾಗೆ ನೋಡ್ಕೊಂಡು ನಿಲ್ಬೇಡ. ಸರಿ ಅಣ್ಣ ಅನ್ನು. ಇಲ್ಲಾ ಸುಳ್ಳು ಅನ್ನು. ಏನಾದ್ರೂ ಒಂದು ಅನ್ನು.

...

ನರ್ಸರಿಯವನು ಹೇಳಿದ್ನಾ?

ಹೇಳಿದಾನೆ. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಯಾವಾಗ ಹೇಳಿದ? ನಾನು ಅವತ್ತೇ ಅಂದ್ಕೊಂಡೆ, ಈ ಮನುಷ್ಯ ಒಂದಲ್ಲ ಒಂದಿನ ಇವಳ ಹತ್ರ ಬಾಯಿ ಬಿಡ್ತಾನೆ ಅಂತ. ಮಳೆಗಾಲದಲ್ಲಿ ಒಂದಿನ ನೀನು ತಂತಿ ತರೋಕೆ ಪೇಟೆಗೆ ಹೋಗಿದ್ದೆ. ಅಂಗಡೀಲಿ ನಾನೊಬ್ಬನೇ. ಬಂದು, ನಿಂತು, ಆ ಕೈ ಒರೆಸಿಕೊಂಡು, "ಅಣ್ಣಾವ್ರೇ, ನಿನ್ನೆ ಸಂಜೆ ಗೊಬ್ಬರದ ಚೀಲ ಕೊಡೋಕೆ ಬಂದಾಗ ನೋಡಿದೆ, ನಿಮ್ಮ ಹಿತ್ತಲ ಲೈಟು ನೇರ ಗಿಡದ ಮೇಲೆ ಬೀಳುತ್ತೆ. ಇನ್ಮೇಲೆ ರಾತ್ರಿ ಆರಿಸಿಬಿಡಿ, ಇಲ್ಲಾಂದ್ರೆ ಮೊಗ್ಗು ಕಟ್ಟಲ್ಲ. ನಿಮ್ಮ ತಂಗಿಗೂ ಒಂದು ಮಾತು ಹೇಳಿ" ಅಂದ. ನನ್ನನ್ನ ಅಣ್ಣಾವ್ರೇ ಅಂದ. ನಾನು ಆಯ್ತಪ್ಪ ಅಂದೆ. ಆಯ್ತು ಅಂದಿದ್ದಂತೂ ನಿಜ, ಕೇಳು ಬೇಕಾದ್ರೆ, ಬರ್ತಾನಲ್ಲ ಈಗ. ಅಷ್ಟು ಹೇಳಿದೋನು ಮತ್ತೆ ನಿನಗ್ಯಾಕೆ...

ಏನು? ತಲೆ ಯಾಕೆ ಅಲ್ಲಾಡಿಸ್ತೀಯ?

ಅವನು ಹೇಳಿಲ್ವಾ?

ನಿನಗೆ... ಏನೂ ಹೇಳೇ ಇಲ್ವಾ ಅವನು?

...

ಅಯ್ಯೋ. ಹಾಗಾದ್ರೆ ನಾನೇ ಹೇಳ್ದೆ.

ಅವನು ನನ್ನ ನಂಬಿದಾನೆ. ಅಣ್ಣ ಅಂದ ಮೇಲೆ ಆರಿಸಿರ್ತಾನೆ ಅಂತ ನಂಬಿ ಸುಮ್ನಿದಾನೆ. ಹತ್ತು ಗಂಟೆಗೆ ಬರ್ತಾನಲ್ಲ, ಹಿತ್ತಲು ತುಂಬ ಹೂ ಇರುತ್ತೆ ಅಂದ್ಕೊಂಡೇ ಬರ್ತಿದಾನೆ.

ಕೂತ್ಕೋತೀನಿ ಇರು. ಕಲ್ಲು ತಣ್ಣಗಿದೆ.

ಆರಿಸೋಕೆ ಹೋದೆ ಗುಬ್ಬಿ. ಅವನು ಹೇಳಿದ ಸಂಜೆಯೇ ಹೋದೆ. ಸ್ವಿಚ್ ಮೇಲೆ ಬೆರಳೂ ಇಟ್ಟೆ. ಕಂಡೋರ ಮನೆ ಸ್ವಿಚ್ಚನ್ನೆಲ್ಲ ಕೇಳದೆ ಆರಿಸೋ ಬೆರಳು ಇದು. ಇಳೀಲಿಲ್ಲ. ನಾಳೆ ಆರಿಸೋಣ ಅಂದ್ಕೊಂಡೆ. ನಾಳೇನೂ ಹಾಗೇ ಅಂದ್ಕೊಂಡೆ. ದಿನಾ ಹಾಗೆ ಅಂದ್ಕೊಳ್ಳೋದೇ ಒಂದು ಕೆಲಸ ಆಯ್ತು. ಅಂದ್ಕೊಳ್ತಿದೀನಲ್ಲ, ಪೂರ್ತಿ ಕೆಟ್ಟವನಲ್ಲ ಅಂತ ಸಮಾಧಾನ.

ಒಂದಿನ ಬಲ್ಬೇ ಸುಟ್ಟುಹೋಯ್ತು. ತಾನಾಗೇ. ದೇವರೇ ಆರಿಸಿದ ಹಾಗೆ. ಸುಮ್ನಿದ್ದಿದ್ರೆ ಮುಗೀತಿತ್ತು. ನಾನು ಅಂಗಡಿಯಿಂದ ಅದಕ್ಕಿಂತ ದೊಡ್ಡದು ತಂದು, ಏಣಿ ಹಾಕಿ...

ಹೌದು. ಏಣಿ ಹಿಡ್ಕೊಂಡಿದ್ದು ನೀನೇ. "ಹುಷಾರು ಅಣ್ಣಾ, ಬೀಳ್ಬೇಡ" ಅಂದೆ.

ನಿನಗೆ ನನ್ನ ಅಡುಗೆ ಚಿಂತೆ, ಬಟ್ಟೆ ಚಿಂತೆ ಅನ್ಸುತ್ತೇನೋ. ಅಲ್ಲ ಕಣೇ. ಅನ್ನ ಮಾಡ್ಕೊಳ್ಳೋಕೆ ನನಗೆ ಬರುತ್ತೆ, ಟೀ ಹೇಗಾದ್ರೂ ಇರಲಿ. ಸಂಜೆ ಅಂಗಡಿ ಬಾಗಿಲು ಅರ್ಧ ಎಳೆದು ಇಬ್ಬರೂ ಕೂರ್ತೀವಲ್ಲ, ಮಧ್ಯದಲ್ಲಿ ಒಂದು ಬಿಚ್ಚಿದ ಮೋಟಾರು. ನೀನು ಸುತ್ತುತಾ ಬಾಯಲ್ಲಿ ಸುತ್ತು ಎಣಿಸ್ತಿರ್ತೀಯ, ಜೋರಾಗಿ ಅಲ್ಲ, ತುಟಿ ಮಾತ್ರ ಅಲ್ಲಾಡುತ್ತೆ. ನಾನು ಏನಾದ್ರೂ ಹರಟ್ತಿರ್ತೀನಿ. ನೀನು ಲೆಕ್ಕ ತಪ್ಪುತ್ತೆ ಅಂತ ಉತ್ತರ ಕೊಡಲ್ಲ. ಅಷ್ಟೇ. ಅದೇ. ಅದನ್ನ ಮದುವೆ ಬೇಡ ಅನ್ನೋಕೆ ಕಾರಣ ಅಂತ ಯಾರ ಮುಂದೆ ಹೇಳ್ಲಿ? ನಗ್ತಾರೆ. ಅದಕ್ಕೇ ತಪ್ಪನ್ನ ಗಿಡದ ಮೇಲೆ ಹಾಕಿದೆ.

ಗಿಡದ ಮೇಲೂ ಅಲ್ಲ. ನಿನ್ನ ಕೈ ಮೇಲೆ ಹಾಕಿದೆ.

ನಿನ್ನೆ ರಾತ್ರಿ ಟೀಚರಮ್ಮನ ಹೂವಿನ ಮುಂದೆ ಕೂತು ನೀನು ನಿನ್ನ ಅಂಗೈ ನೋಡ್ಕೊಳ್ತಿದ್ದೆ. ಎರಡೂ ಕೈ ತಿರುಗಿಸಿ ತಿರುಗಿಸಿ. ನಾನು ಬಂದು ತಲೆ ಸವರಿ, "ಕೈಗುಣ ಕಣೇ, ಯಾರೇನು ಮಾಡೋಕಾಗುತ್ತೆ" ಅಂದೆ. ಅಂದು, ಹೋಗಿ ಮಲಗಿದೆ. ನಿದ್ದೆ ಬಂತು ಅಂತ ತಿಳೀಬೇಡ. ಕಿಟಕಿಯಿಂದ ಬಲ್ಬ್ ನೇರ ಮುಖದ ಮೇಲೇ ಬೀಳುತ್ತೆ.

ನಿನ್ನ ಕೈ ಒಳ್ಳೇದು ಗುಬ್ಬಿ. ಆ ಗುಲಾಬಿಗೆಲ್ಲ ನೀರು ಜಾಸ್ತಿ ಆಗಿತ್ತು, ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಸ್ವಿಚ್ ಬಾಕ್ಸಲ್ಲಿ ಸಿಕ್ಕಿಸಿದ ಕುಡಿ ಒಂದಾದ್ರೂ ಸತ್ತಿತ್ತಾ? ಒಂದೂ ಇಲ್ಲ. ಅದನ್ನ ಅವತ್ತೇ ನೋಡಿದೆ ನಾನು. ನೋಡಿಯೂ ಹೇಳ್ಲಿಲ್ಲ.

ಬೈಯಿ. ಬೈಯೋಕೂ ಬೇಜಾರಾ?

...ಕತ್ತರಿ ಯಾಕೆ? ಕೊಯ್ತೀಯಾ? ಒಂದೇನಾ? ಮೂರನ್ನೂ ಕೊಯ್ಯಿ. ಅಲ್ಲ, ಈ ಲೈಟ್ ಇವತ್ತಿಂದ ಆರಿಸಿದ್ರೆ ಸ್ವಲ್ಪ ದಿನಕ್ಕೆ ಗಿಡ ಪೂರ್ತಿ ಮೊಗ್ಗು ಕಟ್ಟುತ್ತೆ, ಅಲ್ಲಿ ತನಕ ಕಾದ್ರೆ... ಇಲ್ಲ. ಇಲ್ಲ, ಸುಮ್ನಾದೆ. ನೋಡು, ಈಗಲೂ ನನ್ನ ಬಾಯಿ ದಿನ ತಳ್ಳೋಕೇ ನೋಡುತ್ತೆ. ಹೂ ಬಿಟ್ರೆ ಅಂದಿದ್ದೆ ತಾನೆ ನೀನು, ಎಷ್ಟು ಹೂ ಅಂತ ಹೇಳಿರಲಿಲ್ಲ. ಒಂದು ಸಾಕು. ನನ್ನ ಲೈಟನ್ನೂ ಮೀರಿ ಬಿಟ್ಟಿದೆಯಲ್ಲ, ಒಂದು ಧಾರಾಳ ಸಾಕು.

ಗೇಟ್ ಸದ್ದಾಯ್ತು. ಹತ್ತಾಗಿಲ್ಲ ಇನ್ನೂ. ಗಿಡದೋನು, ಬಿಸಿಲು ಏರೋಕೆ ಮುಂಚೇನೇ ಬಂದ. ಹೋಗು. ನಾನು ಬರಲ್ಲ, ಅವನ ಮುಖ ನೋಡೋಕೆ... ನೀನು ಹೋಗು. ಲೈಟಿನ ವಿಷಯ ಹೇಳೋದು ಬಿಡೋದು ನಿನ್ನಿಷ್ಟ. ಹೇಳು. ಅಲ್ಲ, ಹೇಳ್ಬೇಡ. ನಿನ್ನಿಷ್ಟ.

ಹಾಂ. ಲೈಟ್ ಆರಿಸಿದ್ಯಾ? ನೀನೇ ಆರಿಸಿದೆ. ಒಳ್ಳೇದಾಯ್ತು.

ಗುಬ್ಬೀ, ಒಂದು ನಿಮಿಷ. ಗಿಡ ನಿಂದು. ಹೂ ಮುಗಿದ ಮೇಲೆ ಬುಡ ಸಮೇತ ತಗೊಂಡು ಹೋಗು, ಅಗೆದು ನಾನೇ ತಂದು ಕೊಡ್ತೀನಿ. ಬುಡದಲ್ಲಿ ಮರಿ ಬರುತ್ತಂತಲ್ಲ... ಒಂದು ಮರಿ ಇಲ್ಲಿ ಬಿಟ್ಟು ಹೋಗ್ತೀಯಾ? ತಲೆ ಮೇಲೆ ನೀರು ಸುರಿಯಲ್ಲ. ಬೆರಳಲ್ಲಿ ಮಣ್ಣು ಮುಟ್ಟಿ ನೋಡೇ ಹಾಕ್ತೀನಿ. ರಾತ್ರಿ ಲೈಟ್ ಹಾಕಲ್ಲ ಕಣೇ. ಕತ್ತಲೇಲೇ ಇರ್ತೀನಿ.

...ಗುಬ್ಬೀ?